ಯೋಗ್ಯನಿಗೂ ಮುಂಬಾಗಿಲೇ ಬೇಕು

2002ರ ಜೂನ್ 22. ದಕ್ಷಿಣ ಕೊರಿಯಾದ ಗ್ವಾಂಗ್‌ಜು ನಗರ. ವಿಶ್ವಕಪ್ ಫುಟ್‌ಬಾಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ಮತ್ತು ಕೊರಿಯಾ ತಂಡಗಳು ಹೆಚ್ಚುವರಿ ಅವಧಿಯವರೆಗೂ ಆಡಿ ಗೋಲಿಲ್ಲದೆ ಸಮಬಲ ಸಾಧಿಸಿದ್ದವು. ಪೆನಾಲ್ಟಿ ಒದೆತಗಳಲ್ಲಿ ಸ್ಪೇನ್‌ನ ನಾಲ್ಕನೆಯ ಆಟಗಾರನ ಚೆಂಡನ್ನು ಕೊರಿಯಾದ ಗೋಲ್‌ಕೀಪರ್ ತಡೆದರು. ಕೊರಿಯಾದ ಐದನೆಯ ಒದೆತಕ್ಕೆ ಮುಂದೆ ಬಂದವರು ತಂಡದ ನಾಯಕ, 33 ವರ್ಷದ ರಕ್ಷಣಾ ಆಟಗಾರ ಹೊಂಗ್ ಮ್ಯುಂಗ್-ಬೊ. ಚೆಂಡು ಬಲೆ ಸೇರಿತು. ಏಷ್ಯಾದ ತಂಡವೊಂದು ಮೊದಲ ಬಾರಿಗೆ ವಿಶ್ವಕಪ್‌ನ ಸೆಮಿಫೈನಲ್ ತಲುಪಿತು. ಮೈದಾನದಲ್ಲಿ ಸದಾ ಗಂಭೀರವದನನಾಗಿರುತ್ತಿದ್ದ ಆ ಮನುಷ್ಯ ಎರಡೂ ಕೈ ಚಾಚಿ ನಗುತ್ತಾ ಓಡಿದ ಚಿತ್ರ ಒಂದು ಪೀಳಿಗೆಯ ಕೊರಿಯನ್ನರ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯಿತು.

ಇದಾಗಿ 22 ವರ್ಷಗಳ ನಂತರ, 2024ರ ಸೆಪ್ಟೆಂಬರ್ 24ರಂದು ಅದೇ ಹೊಂಗ್ ಸೋಲ್ ನಗರದಲ್ಲಿ ಸಂಸದೀಯ ಸಮಿತಿಯೊಂದರ ಮುಂದೆ ಕುಳಿತಿದ್ದರು. ರಾಷ್ಟ್ರೀಯ ತಂಡದ ತರಬೇತುದಾರರಾಗಿ ಎರಡನೆಯ ಬಾರಿಗೆ ಅವರು ನೇಮಕಗೊಂಡು ಕೆಲವೇ ವಾರಗಳಾಗಿದ್ದವು. ಸಂಸದರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಆಟದ ತಂತ್ರದ ವಿಷಯ ಹೆಚ್ಚೇನೂ ಇರಲಿಲ್ಲ. ನಿಮ್ಮನ್ನು ಆರಿಸಿದವರು ಯಾರು, ಯಾವ ಅಧಿಕಾರದಿಂದ ಆರಿಸಿದರು, ಇತರ ಅಭ್ಯರ್ಥಿಗಳಿಗೆ ನಡೆದ ಸಂದರ್ಶನ ನಿಮಗೇಕೆ ನಡೆಯಲಿಲ್ಲ ಎಂಬುದೇ ಅಂದಿನ ವಿಚಾರಣೆಯ ತಿರುಳು.

ದೇಶವೊಂದು ತಲೆಯ ಮೇಲೆ ಹೊತ್ತು ಮೆರೆಸಿದ ಆಟಗಾರನನ್ನು ಅದೇ ದೇಶ ಹೀಗೆ ಕಟಕಟೆಯಲ್ಲಿ ನಿಲ್ಲಿಸಿದ್ದೇಕೆ? ಕೃತಘ್ನತೆ ಎಂದು ಕೆಲವರು ಹೇಳಿಯಾರು. ನನಗೆ ಹಾಗೆನಿಸುವುದಿಲ್ಲ. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಹಲವು ಆಯ್ಕೆ ಸಮಿತಿಗಳಲ್ಲಿ ಕುಳಿತೆದ್ದ ನನಗೆ ಈ ಪ್ರಕರಣ ಫುಟ್‌ಬಾಲ್‌ನ ಗಡಿ ದಾಟಿದ ಒಂದು ಪಾಠವಾಗಿ ಕಾಣುತ್ತದೆ. ಯೋಗ್ಯ ವ್ಯಕ್ತಿಯನ್ನು ಅಯೋಗ್ಯ ಮಾರ್ಗದಿಂದ ಕರೆತಂದರೆ ಸಂಸ್ಥೆಗೆ ಮಾತ್ರವಲ್ಲ, ಆ ವ್ಯಕ್ತಿಗೂ ಅನ್ಯಾಯವಾಗುತ್ತದೆ ಎಂಬುದೇ ಆ ಪಾಠ.

ಮೊದಲು ಆಟಗಾರನ ವಿಚಾರ. 1969ರಲ್ಲಿ ಸೋಲ್‌ನಲ್ಲಿ ಜನಿಸಿದ ಹೊಂಗ್, ಕೊರಿಯಾ ವಿಶ್ವವಿದ್ಯಾಲಯದಲ್ಲಿ ಓದಿ, 1992ರಲ್ಲಿ ಪೊಹಾಂಗ್ ನಗರದ ಉಕ್ಕು ಕಂಪನಿಯ ತಂಡವನ್ನು ಸೇರಿದರು. ಮೊದಲ ವರ್ಷವೇ ತಂಡ ಲೀಗ್ ಪ್ರಶಸ್ತಿ ಗೆದ್ದಿತು. ಹೊಸಬರಾದ ಅವರೇ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದರು. ಮುಂದೆ ಜಪಾನಿನ ಎರಡು ಕ್ಲಬ್‌ಗಳಲ್ಲಿ, ಕೊನೆಗೆ ಅಮೆರಿಕದ ಲಾಸ್ ಏಂಜಲೀಸ್ ಗ್ಯಾಲಕ್ಸಿಯಲ್ಲಿ ಆಡಿ 2004ರಲ್ಲಿ ನಿವೃತ್ತರಾದರು. 1990ರಿಂದ 2002ರವರೆಗೆ ಸತತ ನಾಲ್ಕು ವಿಶ್ವಕಪ್‌ಗಳಲ್ಲಿ ಒಟ್ಟು 16 ಪಂದ್ಯಗಳನ್ನು ಆಡಿದರು. ರಕ್ಷಣಾ ಆಟಗಾರನಾಗಿಯೂ 1994ರಲ್ಲಿ ಸ್ಪೇನ್ ಮತ್ತು ಜರ್ಮನಿಯ ವಿರುದ್ಧ ಗೋಲು ಹೊಡೆದರು. 2002ರ ವಿಶ್ವಕಪ್‌ನ ಶ್ರೇಷ್ಠ ಆಟಗಾರರ ಸಾಲಿನಲ್ಲಿ ಜರ್ಮನಿಯ ಆಲಿವರ್ ಕಾನ್ ಮತ್ತು ಬ್ರೆಜಿಲ್‌ನ ರೊನಾಲ್ಡೊ ಅವರ ನಂತರ ಮೂರನೆಯ ಸ್ಥಾನ ಇವರದು. ಏಷ್ಯಾದ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಈ ಸಾಧನೆಯ ತೂಕ ತಿಳಿಯಬೇಕಾದರೆ ಹಿಂದಿನ ಲೆಕ್ಕ ನೋಡಬೇಕು. 2002ಕ್ಕೆ ಮೊದಲು ಕೊರಿಯಾ ಐದು ವಿಶ್ವಕಪ್‌ಗಳಲ್ಲಿ 14 ಪಂದ್ಯಗಳನ್ನಾಡಿತ್ತು. ಗೆದ್ದದ್ದು ಒಂದೂ ಇಲ್ಲ. ನಾಲ್ಕು ಡ್ರಾ, ಹತ್ತು ಸೋಲು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇದೇ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿ ಚಿನ್ನ ಗೆದ್ದಿತ್ತು ಎಂಬುದನ್ನು ನೆನೆದರೆ, ಅವರು ಎಲ್ಲಿಂದ ಎಲ್ಲಿಗೆ ನಡೆದರು ಎಂಬುದು ನಮಗೆ ಹೆಚ್ಚು ಚೆನ್ನಾಗಿ ಅರ್ಥವಾದೀತು.

2002ರ ಯಶಸ್ಸಿನ ಹಿಂದೆ ನೆದರ್‌ಲೆಂಡ್ಸ್‌ನ ತರಬೇತುದಾರ ಗುಸ್ ಹಿಡ್ಡಿಂಕ್ ಇದ್ದರು. ಹಿರಿಯ–ಕಿರಿಯ ಎಂಬ ಶ್ರೇಣಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಮಾಜ ಕೊರಿಯಾದ್ದು. ಯಾವ ವಿಶ್ವವಿದ್ಯಾಲಯ, ಎಷ್ಟನೆಯ ಬ್ಯಾಚು, ಯಾರ ಶಿಷ್ಯ ಎಂಬ ನಂಟುಗಳು ಅಲ್ಲಿನ ಕಚೇರಿಗಳಲ್ಲಿರುವಂತೆ ಆಟದ ಅಂಗಳದಲ್ಲೂ ಇದ್ದವು. ಹಿಡ್ಡಿಂಕ್ ಹೊರಗಿನವರು, ಯಾರ ಹಂಗೂ ಅವರಿಗಿರಲಿಲ್ಲ. ಹೆಸರನ್ನು ಬದಿಗಿಟ್ಟು ಆಟ ನೋಡಿದರು. ಪಾರ್ಕ್ ಜಿ-ಸಂಗ್‌ನಂಥ ಕಿರಿಯರಿಗೆ ಅವಕಾಶ ಕೊಟ್ಟರು. ಇಟಲಿ ಮತ್ತು ಸ್ಪೇನ್ ವಿರುದ್ಧದ ಪಂದ್ಯಗಳಲ್ಲಿ ರೆಫರಿಗಳ ತೀರ್ಪು ಕೊರಿಯಾದ ಪರ ವಾಲಿತೆಂಬ ಆಕ್ಷೇಪ ಇಂದಿಗೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಆ ತಂಡ ಯೋಗ್ಯತೆಯ ಮೇಲೆ ಕಟ್ಟಿದ್ದು ಎಂಬ ನಂಬಿಕೆ ಕೊರಿಯಾದ ಜನರಲ್ಲಿ ಆಳವಾಗಿ ಬೇರೂರಿತು. ಆ ನಂಬಿಕೆಗೆ ಮುಖವಾಗಿ ನಿಂತವರು ನಾಯಕ ಹೊಂಗ್.

ತರಬೇತುದಾರನಾಗಿ ಅವರ ಆರಂಭವೂ ಸೊಗಸಾಗಿತ್ತು. ರಾಷ್ಟ್ರೀಯ ತಂಡದಲ್ಲಿ ಸಹಾಯಕರಾಗಿ ಕೆಲಸ ಕಲಿತು, 2009ರಲ್ಲಿ 20 ವರ್ಷದೊಳಗಿನವರ ತಂಡವನ್ನು ಈಜಿಪ್ಟ್‌ನಲ್ಲಿ ನಡೆದ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ವರೆಗೆ ಒಯ್ದರು. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂತು. ಆ ಹುಡುಗರಲ್ಲೇ ಹಲವರನ್ನು ಬೆಳೆಸಿ 2012ರ ಲಂಡನ್ ಒಲಿಂಪಿಕ್ಸ್‌ಗೆ ಕರೆದೊಯ್ದರು. ಆತಿಥೇಯ ಬ್ರಿಟನ್ನನ್ನು ಪೆನಾಲ್ಟಿಯಲ್ಲಿ ಸೋಲಿಸಿ, ಬ್ರೆಜಿಲ್‌ಗೆ ಮಣಿದು, ಕಂಚಿನ ಪಂದ್ಯದಲ್ಲಿ ಜಪಾನನ್ನು 2–0ಯಿಂದ ಮಣಿಸಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದು ಕೊರಿಯಾದ ಮೊದಲ ಪದಕ.

ಆ ಪದಕಕ್ಕೆ ಇನ್ನೊಂದು ಬೆಲೆಯೂ ಇತ್ತು. ಕೊರಿಯಾದಲ್ಲಿ ಆರೋಗ್ಯವಂತ ಯುವಕರಿಗೆಲ್ಲ ಸೇನಾ ಸೇವೆ ಕಡ್ಡಾಯ. ಒಲಿಂಪಿಕ್ಸ್‌ನಲ್ಲಿ ಯಾವುದೇ ಪದಕ ಗೆದ್ದವರಿಗೆ ಅದರಿಂದ ವಿನಾಯಿತಿ ಸಿಗುತ್ತದೆ. ಕೆಲವು ವಾರಗಳ ಮೂಲ ತರಬೇತಿ ಪಡೆಯಬೇಕಾಗುತ್ತದೆ. ಆಟಗಾರನ ವೃತ್ತಿಜೀವನದ ಅತ್ಯುತ್ತಮ ವರ್ಷಗಳು ಉಳಿಯುತ್ತವೆ. ಹೀಗಿರುವಾಗ ತಂಡದಲ್ಲಿ ಯಾರಿಗೆ ಸ್ಥಾನ ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಮುಂಪಡೆಯ ಆಟಗಾರ ಪಾರ್ಕ್ ಚು-ಯಂಗ್ ಮೊನಾಕೊದಲ್ಲಿ ಪಡೆದಿದ್ದ ವಾಸದ ಪರವಾನಗಿಯಿಂದಾಗಿ ಸೇನಾ ಸೇವೆಯನ್ನು ದೀರ್ಘಕಾಲ ಮುಂದೂಡುವ ಅವಕಾಶ ಹೊಂದಿದ್ದರು. ಅದು ತಿಳಿದಾಗ ಜನ ಕೆರಳಿದರು. ಹೊಂಗ್ ಪತ್ರಿಕಾಗೋಷ್ಠಿಯಲ್ಲಿ ಪಾರ್ಕ್‌ನ ಪಕ್ಕದಲ್ಲೇ ಕುಳಿತು, ಆತ ಸೇನೆಗೆ ಹೋಗದಿದ್ದರೆ ಆತನ ಬದಲು ತಾನೇ ಹೋಗುವುದಾಗಿ ಹೇಳಿದರು. ಜಪಾನ್ ವಿರುದ್ಧ ಮೊದಲ ಗೋಲು ಹೊಡೆದವರು ಅದೇ ಪಾರ್ಕ್. ತನ್ನವರ ಕೈಬಿಡದ ಗುರು ಎಂದು ದೇಶ ಹೊಂಗ್‌ರನ್ನು ಕೊಂಡಾಡಿತು.

ನನ್ನ ದೃಷ್ಟಿಯಲ್ಲಿ ಮುಂದಿನ ಕಷ್ಟಕ್ಕೆ ಬೀಜ ಬಿದ್ದದ್ದು ಈ ಹೊಗಳಿಕೆಯಲ್ಲಿಯೇ. ನಿಷ್ಠೆ ಒಮ್ಮೆ ಫಲ ಕೊಟ್ಟಿತೆಂದರೆ ಅದೇ ನೀತಿ ಎಂದು ನಂಬುವುದು ಮನುಷ್ಯ ಸ್ವಭಾವ. 2013ರ ಜೂನ್‌ನಲ್ಲಿ ಹೊಂಗ್ ಹಿರಿಯರ ರಾಷ್ಟ್ರೀಯ ತಂಡದ ತರಬೇತುದಾರರಾದರು. ತಮ್ಮ ಕ್ಲಬ್‌ನಲ್ಲಿ ನಿಯಮಿತವಾಗಿ ಆಡುವವರಿಗೆ ಮಾತ್ರ ತಂಡದಲ್ಲಿ ಸ್ಥಾನ ಎಂಬ ತತ್ವವನ್ನು ಬಹಿರಂಗವಾಗಿ ಸಾರಿದರು. ಒಳ್ಳೆಯ ನಿಯಮ, ಎಲ್ಲರಿಗೂ ಅರ್ಥವಾಗುವ, ಅಳೆಯಬಹುದಾದ ನಿಯಮ. ಆದರೆ 2014ರ ಬ್ರೆಜಿಲ್ ವಿಶ್ವಕಪ್‌ಗೆ ಹೊರಟ ಪಟ್ಟಿಯಲ್ಲಿ, ಆರ್ಸೆನಲ್‌ನಲ್ಲಿ ಬೆಂಚು ಕಾಯುತ್ತಿದ್ದ, ಎರವಲಾಗಿ ಹೋದ ವಾಟ್‌ಫರ್ಡ್‌ನಲ್ಲೂ ಹೆಚ್ಚೇನೂ ಆಡದ ಪಾರ್ಕ್ ಚು-ಯಂಗ್ ಹೆಸರಿತ್ತು. ಪಾರ್ಕ್ ಮೊದಲೆರಡು ಪಂದ್ಯಗಳಲ್ಲಿ ಆರಂಭದಿಂದಲೇ ಆಡಿದರೂ ಗೋಲು ಬರಲಿಲ್ಲ. ಕೊರಿಯಾ ರಷ್ಯಾದೊಂದಿಗೆ 1–1 ಡ್ರಾ ಮಾಡಿಕೊಂಡು, ಅಲ್ಜೀರಿಯಾಕ್ಕೆ 2–4ರಿಂದ, ಬೆಲ್ಜಿಯಂಗೆ 0–1ರಿಂದ ಸೋತು ಗುಂಪಿನಲ್ಲಿ ಕೊನೆಯ ಸ್ಥಾನಿಯಾಯಿತು. ತಂಡ ಇಂಚಿಯಾನ್ ವಿಮಾನ ನಿಲ್ದಾಣಕ್ಕೆ ಬಂದಿಳಿದಾಗ ಜನರ ಗುಂಪಿನಿಂದ ಮಿಠಾಯಿಗಳು ತೂರಿಬಂದವು. ಕೊರಿಯಾದಲ್ಲಿ ಅದು ಬೈಗುಳಕ್ಕೆ ಸಮ. ಎರಡು ವರ್ಷ ಹಿಂದೆ ಹೊಗಳಿಕೆಯಾಗಿದ್ದ ‘ನಿಷ್ಠೆ’ ಎಂಬ ಪದ ಈಗ ಕುಚೋದ್ಯದ ಮಾತಾಯಿತು. ಫೆಡರೇಷನ್ ಮೊದಲು ಅವರನ್ನು ಮುಂದುವರಿಸುವುದಾಗಿ ಹೇಳಿತು. ವಾರ ಕಳೆಯುವುದರೊಳಗೆ, ಜುಲೈ 10ರಂದು, ಹೊಂಗ್ ರಾಜೀನಾಮೆ ಕೊಟ್ಟರು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಮಸ್ಯೆ. ಫಿನ್ ಕಿಡ್ಲೆಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1977ರಲ್ಲಿ ಒಂದು ಪ್ರಬಂಧ ಬರೆದರು. 2004ರಲ್ಲಿ ಅವರಿಗೆ ನೊಬೆಲ್ ಸಂದಿತು. ಆಯಾ ಕ್ಷಣಕ್ಕೆ ಅತ್ಯುತ್ತಮವೆನಿಸುವ ನಿರ್ಧಾರವನ್ನು ವಿವೇಚನೆಯಿಂದ ಕೈಗೊಳ್ಳುತ್ತ ಹೋದರೆ ಒಟ್ಟು ಫಲಿತಾಂಶ ಕೆಡುತ್ತದೆ. ಮೊದಲೇ ಸಾರಿದ ನಿಯಮಕ್ಕೆ ಕಟ್ಟುಬಿದ್ದರೆ ಮಾತ್ರ ಜನ ನಂಬುತ್ತಾರೆ, ಆ ನಂಬಿಕೆಯೇ ನೀತಿಯ ಬಂಡವಾಳ ಎಂಬುದು ಅದರ ಸಾರ. ಅವರು ಹೇಳಿದ್ದು ಆರ್ಥಿಕ ನೀತಿಯ ಬಗ್ಗೆ. ಆದರೆ ತಂಡದ ಪಟ್ಟಿಗೂ ಅದು ಅನ್ವಯಿಸುತ್ತದೆ. ಪಾರ್ಕ್ ಮೂರು ಗೋಲು ಹೊಡೆದಿದ್ದರೂ, ಕ್ಲಬ್‌ನಲ್ಲಿ ವಾರವಾರವೂ ಬೆವರು ಹರಿಸಿ ಪಟ್ಟಿಯಿಂದ ಹೊರಗುಳಿದವನಿಗೆ ನಿಯಮ ಮುರಿದದ್ದು ಮುರಿದದ್ದೇ.

ಮುಂದೆ ಹೊಂಗ್ ಚೀನಾದ ಹಾಂಗ್‌ಝೌ ಕ್ಲಬ್‌ಗೆ ಹೋದರು. 2016ರಲ್ಲಿ ಆ ತಂಡ ಕೆಳದರ್ಜೆಗೆ ಇಳಿಯಿತು. 2017ರ ಕೊನೆಗೆ ಅವರು ಕೊರಿಯಾ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತಕ್ಕೆ ಬಂದು, ಕಾರ್ಯನಿರ್ವಾಹಕ ಮುಖ್ಯಸ್ಥರಾಗಿ 2020ರವರೆಗೆ ಇದ್ದರು. ಅವರ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಜನ ಹೆಚ್ಚು ಮಾತನಾಡದ ಈ ಅವಧಿ. 2018ರ ವಿಶ್ವಕಪ್ ನಂತರ ಹೊಸ ತರಬೇತುದಾರರನ್ನು ಆರಿಸುವ ಹೊಣೆ ಕಿಮ್ ಪಾನ್-ಗೊನ್ ನೇತೃತ್ವದ ಸಮಿತಿಯದಾಗಿತ್ತು. ನಮಗೆ ಎಂಥ ಆಟ ಬೇಕು, ಯಾವ ಮಾನದಂಡ ಎಂಬುದನ್ನು ಕಿಮ್ ಮೊದಲೇ ಹೇಳಿದರು. ಅಭ್ಯರ್ಥಿಗಳನ್ನು ಭೇಟಿ ಮಾಡಿದರು. ಪೋರ್ಚುಗಲ್‌ನ ಪಾಲೊ ಬೆಂಟೊ ಅವರನ್ನು ಏಕೆ ಆರಿಸಿದೆವೆಂದು ಪತ್ರಕರ್ತರ ಮುಂದೆ ವಿವರಿಸಿದರು. ಬೆಂಟೊ ದೊಡ್ಡ ಹೆಸರಿನವರಾಗಿರಲಿಲ್ಲ. ಅನುಮಾನಪಟ್ಟವರಿದ್ದರು; ಸೋತಾಗ ಟೀಕೆ ಬಂತು. ಆದರೆ ಕಾರಣ ಕಡತದಲ್ಲಿತ್ತು. ನಾಲ್ಕು ವರ್ಷ ಪೂರ್ಣ ಅವಕಾಶ ಪಡೆದ ಬೆಂಟೊ 2022ರ ಕತಾರ್ ವಿಶ್ವಕಪ್‌ನಲ್ಲಿ ಪೋರ್ಚುಗಲ್ಲನ್ನೇ 2–1ರಿಂದ ಸೋಲಿಸಿ ಕೊರಿಯಾವನ್ನು 16ರ ಘಟ್ಟಕ್ಕೆ ಒಯ್ದರು.

ಆ ವ್ಯವಸ್ಥೆ ರೂಪುಗೊಂಡಾಗ ಫೆಡರೇಷನ್ ಕಚೇರಿಯಲ್ಲಿ ಕುಳಿತಿದ್ದವರು ಹೊಂಗ್. ಸರಿಯಾದ ನೇಮಕ ಹೇಗಿರುತ್ತದೆ ಎಂಬುದನ್ನು ಅವರು ಹತ್ತಿರದಿಂದ ಕಂಡಿದ್ದರು.

ಆ ವ್ಯವಸ್ಥೆ ಉಳಿಯಲಿಲ್ಲ. ಸಮಿತಿಯ ಅಧಿಕಾರ ಕ್ರಮೇಣ ಮೊಟಕಾಗಿ ಅದು ಸಲಹೆ ನೀಡುವ ಮಟ್ಟಕ್ಕೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಜರ್ಮನಿಯ ಖ್ಯಾತ ಆಟಗಾರ ಯೂರ್ಗನ್ ಕ್ಲಿನ್ಸ್‌ಮನ್ ತರಬೇತುದಾರರಾದರು. ಒಂದು ವರ್ಷದೊಳಗೆ, ಏಷ್ಯನ್ ಕಪ್ ಸೆಮಿಫೈನಲ್‌ನಲ್ಲಿ ಜೋರ್ಡಾನ್ ಎದುರು 0–2ರಿಂದ ಸೋತ ಬೆನ್ನಲ್ಲೇ, 2024ರ ಫೆಬ್ರವರಿ 16ರಂದು ಅವರನ್ನು ವಜಾ ಮಾಡಲಾಯಿತು. ಮುಂದಿನ ಐದು ತಿಂಗಳು ಫೆಡರೇಷನ್ ಹೊಸಬರನ್ನು ಹುಡುಕುತ್ತಲೇ ಇತ್ತು; ಎರಡು ಬಾರಿ ಹಂಗಾಮಿ ತರಬೇತುದಾರರನ್ನು ನೇಮಿಸಿತು. ಆಯ್ಕೆ ಸಮಿತಿಯ ಅಧ್ಯಕ್ಷರು ನಡುವೆಯೇ ರಾಜೀನಾಮೆ ಕೊಟ್ಟರು. ತಾಂತ್ರಿಕ ನಿರ್ದೇಶಕ ಲೀ ಲಿಮ್-ಸೇಂಗ್ ಯೂರೋಪಿಗೆ ಹೋಗಿ ಇಬ್ಬರು ವಿದೇಶಿ ಅಭ್ಯರ್ಥಿಗಳನ್ನು ಸಂದರ್ಶಿಸಿ ಬಂದರು. ಹಿಂತಿರುಗಿದವರು ರಾತ್ರಿ ಹೊತ್ತು ಹೊಂಗ್ ಅವರ ಮನೆಯ ಬಳಿಗೆ ಹೋಗಿ ಅವರನ್ನು ಭೇಟಿಯಾದರು. ಜುಲೈ 7ರಂದು ಹೊಂಗ್ ನೇಮಕದ ಪ್ರಕಟಣೆ ಹೊರಬಿತ್ತು.

ಮರುದಿನವೇ, ಆಯ್ಕೆ ಸಮಿತಿಯ ಸದಸ್ಯರಾಗಿದ್ದ ಮಾಜಿ ಆಟಗಾರ ಪಾರ್ಕ್ ಜೂ-ಹೊ ಈ ನಿರ್ಧಾರ ತನಗೇ ತಿಳಿದಿರಲಿಲ್ಲ, ಸಮಿತಿಯ ಕೆಲಸಕ್ಕೆ ಅರ್ಥವೇ ಇರಲಿಲ್ಲ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಹೊಂಗ್ ಆಗ ಉಲ್ಸಾನ್ ಕ್ಲಬ್‌ನ ತರಬೇತುದಾರರು. 17 ವರ್ಷಗಳ ಬರವನ್ನು ನೀಗಿಸಿ 2022ರಲ್ಲಿ, ಮತ್ತೆ 2023ರಲ್ಲಿ ಆ ತಂಡಕ್ಕೆ ಲೀಗ್ ಪ್ರಶಸ್ತಿ ತಂದಿದ್ದವರು. ಕ್ಲಬ್ ಬಿಟ್ಟು ಹೋಗುವುದಿಲ್ಲ ಎಂಬ ಭರವಸೆ ನಂಬಿದ್ದ ಉಲ್ಸಾನ್ ಅಭಿಮಾನಿಗಳಿಗೆ ಇದು ಬೆನ್ನಿಗೆ ಬಿದ್ದ ಪೆಟ್ಟು. ಅವರು ಬಿಟ್ಟುಹೋದ ಜಾಗಕ್ಕೆ ಬಂದು ತಂಡಕ್ಕೆ 2024ರ ಪ್ರಶಸ್ತಿಯನ್ನು ಗೆದ್ದುಕೊಟ್ಟವರು, ಹಿಂದೆ ಬೆಂಟೊ ಅವರನ್ನು ಆರಿಸಿದ ಅದೇ ಕಿಮ್ ಪಾನ್-ಗೊನ್ ಎಂಬುದು ಕಾಕತಾಳೀಯ.

ಸೆಪ್ಟೆಂಬರ್ 5ರಂದು ಸೋಲ್‌ನಲ್ಲಿ ಪ್ಯಾಲೆಸ್ಟೈನ್ ವಿರುದ್ಧ ನಡೆದ ಪಂದ್ಯದಲ್ಲಿ ಹೊಂಗ್ ಮುಖ ದೊಡ್ಡ ಪರದೆಯ ಮೇಲೆ ಮೂಡಿದಾಗಲೆಲ್ಲ ಸ್ವದೇಶದ ಪ್ರೇಕ್ಷಕರೇ ಧಿಕ್ಕಾರ ಕೂಗಿದರು. ನಂತರದ ವಿಚಾರಣೆಯಲ್ಲಿ ಹೊಂಗ್, ತನ್ನನ್ನು ಮೊದಲ ಸ್ಥಾನದಲ್ಲಿ ಶಿಫಾರಸು ಮಾಡಲಾಗಿತ್ತೆಂದು ತಿಳಿದೇ ಒಪ್ಪಿಕೊಂಡೆ, ಎರಡನೆಯವನೋ ಮೂರನೆಯವನೋ ಆಗಿದ್ದರೆ ಒಪ್ಪುತ್ತಿರಲಿಲ್ಲ ಎಂದರು. ಅದೇ ದಿನ ಲೀ ಕಣ್ಣೀರಿಡುತ್ತ ರಾಜೀನಾಮೆ ಘೋಷಿಸಿದರು. ಸಂಸ್ಕೃತಿ ಮತ್ತು ಕ್ರೀಡಾ ಸಚಿವಾಲಯ ಅಕ್ಟೋಬರ್ 2ರಂದು ತನ್ನ ತಪಾಸಣೆಯ ಮಧ್ಯಂತರ ಫಲಿತಾಂಶ ಪ್ರಕಟಿಸಿತು. ಶಿಫಾರಸು ಮಾಡುವ ಅಧಿಕಾರ ತಾಂತ್ರಿಕ ನಿರ್ದೇಶಕರಿಗೆ ಇರಲಿಲ್ಲ. ವಿದೇಶಿ ಅಭ್ಯರ್ಥಿಗಳಿಗೆ ಮೊದಲೇ ಪ್ರಶ್ನಾವಳಿ ಸಿದ್ಧಪಡಿಸಿ ಸಂದರ್ಶನ ನಡೆಸಿದಂತೆ ಹೊಂಗ್ ಅವರಿಗೆ ನಡೆಸಲಿಲ್ಲ. ಮಂಡಳಿಯ ಒಪ್ಪಿಗೆ ಎಲ್ಲ ಮುಗಿದ ಮೇಲಿನ ಔಪಚಾರಿಕತೆಯಾಗಿತ್ತು ಎಂಬುದು ಅದರ ಸಾರಾಂಶ. ಕ್ಲಿನ್ಸ್‌ಮನ್ ನೇಮಕದಲ್ಲೂ ಇಂಥದೇ ಲೋಪಗಳನ್ನು ಸಚಿವಾಲಯ ಎತ್ತಿ ತೋರಿಸಿತು. ಆದರೆ ಹೊಂಗ್ ಅವರ ಒಪ್ಪಂದ ಅಸಿಂಧು ಎನ್ನಲಾಗದು ಎಂದೂ ಹೇಳಿತು. ನವೆಂಬರ್‌ನ ಅಂತಿಮ ವರದಿ ಒಟ್ಟು 27 ಅಕ್ರಮ ಮತ್ತು ಅನುಚಿತ ಕ್ರಮಗಳನ್ನು ಪಟ್ಟಿ ಮಾಡಿ, ಫೆಡರೇಷನ್ ಅಧ್ಯಕ್ಷ ಚುಂಗ್ ಮೊಂಗ್-ಗ್ಯು ಅವರ ವಿರುದ್ಧ ಶಿಸ್ತುಕ್ರಮ ಕೋರಿತು. ಫೆಡರೇಷನ್ ಈ ತೀರ್ಮಾನಗಳನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಫೆಬ್ರವರಿಯಲ್ಲಿ ಚುಂಗ್ ಭಾರಿ ಬಹುಮತದಿಂದ ನಾಲ್ಕನೆಯ ಅವಧಿಗೆ ಮರುಆಯ್ಕೆಯಾದರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ಇಲ್ಲಿ ಆ ಬಾಗಿಲೂ ಸರಿಯಾಗಿ ಮುಚ್ಚಲಿಲ್ಲ.

ಕಡತದ ಭಾಷೆಯಲ್ಲಿ ಇಂಥದ್ದಕ್ಕೆ ‘ಘಟನೋತ್ತರ ಅನುಮೋದನೆ’ ಎಂಬ ಹೆಸರಿದೆ. ಕೆಲಸ ಮೊದಲು, ಒಪ್ಪಿಗೆ ಆಮೇಲೆ. ಪ್ರವಾಹ ಬಂದಾಗ ದೋಣಿ ಬಾಡಿಗೆಗೆ ತೆಗೆದುಕೊಳ್ಳಲು ಇದು ಬೇಕು. ನೇಮಕಾತಿಯಲ್ಲಿ ಇದಕ್ಕೆ ಜಾಗವಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ತಪ್ಪು ಮಾಡಿ ಕಲಿತವನು.

ಸೇವೆಯಲ್ಲಿದ್ದಾಗ ಒಮ್ಮೆ ಒಂದು ಸಂಸ್ಥೆಯ ಮುಖ್ಯಸ್ಥರ ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಅಂತಿಮ ಪಟ್ಟಿಯಲ್ಲಿ ಮೂವರಿದ್ದರು. ಇಬ್ಬರನ್ನು ಕರೆಸಿ ಸಂದರ್ಶಿಸಿದೆವು. ಮೂರನೆಯವರು ನಮಗೆಲ್ಲ ಚೆನ್ನಾಗಿ ಗೊತ್ತಿದ್ದವರು, ಪ್ರಾಮಾಣಿಕರು, ಸಮರ್ಥರು. ಇವರನ್ನು ಕರೆಸಿ ಕೇಳುವುದೇನಿದೆ ಎಂದು ಅಧ್ಯಕ್ಷರು ಫೋನಿನಲ್ಲೇ ಮಾತನಾಡಿ ಮುಗಿಸಿದರು. ಸಭಾ ನಡವಳಿಗೆ ಸಹಿ ಹಾಕುವಾಗ ಆ ಹೆಸರಿನ ಎದುರು ಸಂದರ್ಶನದ ಅಂಕಣ ಖಾಲಿ ಇರುವುದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಸಹಿ ಹಾಕಿದೆ. ಒಳ್ಳೆಯವರು ಬರುತ್ತಿದ್ದಾರಲ್ಲ, ತಕರಾರೇಕೆ ಎಂಬುದು ನನ್ನ ಸಮಾಧಾನ. ಕೆಲವು ತಿಂಗಳಲ್ಲಿ ಆಯ್ಕೆಯಾಗದ ಅಭ್ಯರ್ಥಿಯೊಬ್ಬರು ದಾಖಲೆ ಕೇಳಿದರು. ಖಾಲಿ ಅಂಕಣ ಹೊರಬಂತು. ನೇಮಕವೇನೂ ರದ್ದಾಗಲಿಲ್ಲ. ಆದರೆ ಅಂದಿನಿಂದ ಆ ಅಧಿಕಾರಿ ಮಾಡಿದ ಪ್ರತಿ ವರ್ಗಾವಣೆ, ಕರೆದ ಪ್ರತಿ ಟೆಂಡರ್ ಅನುಮಾನದ ಕಣ್ಣಿಗೆ ಗುರಿಯಾಯಿತು. ನಿವೃತ್ತಿಯ ದಿನ ಅವರು ನನ್ನನ್ನು ಬದಿಗೆ ಕರೆದು, “ಸಾರ್, ಅವತ್ತು ನನ್ನನ್ನೂ ಹತ್ತು ನಿಮಿಷ ಆ ಕುರ್ಚಿಯಲ್ಲಿ ಕೂರಿಸಿದ್ದರೆ ಈ ಮೂರು ವರ್ಷ ತಲೆಯೆತ್ತಿ ಕೆಲಸ ಮಾಡುತ್ತಿದ್ದೆ” ಎಂದರು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಆದ್ದರಿಂದಲೇ ಹೊಂಗ್ ಪ್ರಕರಣದಲ್ಲಿ ಮುಂದಿಡುವ ಎರಡು ವಾದಗಳನ್ನು ಒಪ್ಪುವುದು ನನಗೆ ಕಷ್ಟ.

ಮೊದಲನೆಯದು ತುರ್ತಿನ ವಾದ. ಐದು ತಿಂಗಳು ಕಳೆದಿತ್ತು, ಸೆಪ್ಟೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳಿದ್ದವು, ಬೇಗ ಯಾರನ್ನಾದರೂ ನೇಮಿಸಲೇಬೇಕಿತ್ತು ಎಂಬುದು. ಆದರೆ ಆ ಐದು ತಿಂಗಳನ್ನು ಕಳೆದವರು ಯಾರು? ತಾನೇ ಮಾಡಿದ ವಿಳಂಬವನ್ನು ತೋರಿಸಿ ನಿಯಮಕ್ಕೆ ವಿನಾಯಿತಿ ಕೇಳುವುದು ನಮ್ಮ ಕಚೇರಿಗಳಿಗೂ ಹೊಸತಲ್ಲ. ಆರ್ಥಿಕ ವರ್ಷದ ಕೊನೆಯ ವಾರ ಬರುವ ‘ಅತಿ ತುರ್ತು’ ಕಡತಗಳನ್ನು ಕಂಡವರಿಗೆ ಇದು ಗೊತ್ತು. ಇಬ್ಬರನ್ನು ಸಂದರ್ಶಿಸಲು ಯೂರೋಪಿಗೆ ವಿಮಾನ ಹತ್ತುವಷ್ಟು ಸಮಯವಿದ್ದ ಮೇಲೆ, ತಮ್ಮದೇ ದೇಶದಲ್ಲಿದ್ದ ಮೂರನೆಯವರ ಮುಂದೆ ಅದೇ ಪ್ರಶ್ನೆಗಳನ್ನಿಡಲು ಅರ್ಧ ದಿನ ಸಾಕಿತ್ತು.

ಎರಡನೆಯದು ಫಲಿತಾಂಶದ ವಾದ. ಇದು ಹೆಚ್ಚು ಬಲವಾದದ್ದು. ಹೊಂಗ್ ನೇತೃತ್ವದಲ್ಲಿ ಕೊರಿಯಾ ಅರ್ಹತೆಯ ಆ ಸುತ್ತಿನ ಹತ್ತು ಪಂದ್ಯಗಳಲ್ಲಿ ಆರನ್ನು ಗೆದ್ದು, ನಾಲ್ಕನ್ನು ಡ್ರಾ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. 2025ರ ಜೂನ್ 5ರಂದು ಬಸ್ರಾದಲ್ಲಿ ಇರಾಕ್ ತಂಡವನ್ನು 2–0ಯಿಂದ ಸೋಲಿಸಿ 2026ರ ವಿಶ್ವಕಪ್‌ಗೆ ಸ್ಥಾನ ಖಚಿತಪಡಿಸಿಕೊಂಡಿತು. ಸತತ 11ನೆಯ ಬಾರಿ. ಇನ್ನೇನು ಬೇಕು ಎಂದು ಕೇಳಬಹುದು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರೆಜಿಲ್ ವಿರುದ್ಧ ಸ್ವದೇಶದಲ್ಲೇ 0–5ರಿಂದ ಸೋತ ನಾಲ್ಕು ದಿನಗಳ ನಂತರ, ಪರಾಗ್ವೆ ವಿರುದ್ಧ ಗೆದ್ದ ಪಂದ್ಯಕ್ಕೆ ಸೋಲ್‌ನ ಬೃಹತ್ ಕ್ರೀಡಾಂಗಣದಲ್ಲಿ ಬಂದವರು ಸುಮಾರು 22 ಸಾವಿರ ಜನ. ಮೂರರಲ್ಲಿ ಎರಡು ಆಸನಗಳು ಖಾಲಿ. 2002ರಲ್ಲಿ ಬೀದಿಬೀದಿಗಳಲ್ಲಿ ಕೆಂಪು ಅಂಗಿ ತೊಟ್ಟು ಲಕ್ಷಾಂತರ ಜನ ನೆರೆದಿದ್ದ ದೇಶವದು. ಅರ್ಹತೆ ಸಿಕ್ಕಿತು, ವಿಶ್ವಾಸ ಮರಳಲಿಲ್ಲ. ಗೋಲುಗಳ ಪಟ್ಟಿ ಬೇರೆ, ನಂಬಿಕೆಯ ಖಾತೆ ಬೇರೆ. ಒಂದರ ಜಮೆಯಿಂದ ಇನ್ನೊಂದರ ಸಾಲ ತೀರುವುದಿಲ್ಲ. ವಿಶ್ವಕಪ್‌ನಲ್ಲಿ ತಂಡವೊಂದು ಗೆದ್ದರೂ ಸೋತರೂ ಅದನ್ನು ಕಟ್ಟಿದವನ ನೇಮಕ ಹೇಗಾಯಿತು ಎಂಬ ಪ್ರಶ್ನೆಗೆ ಅದು ಉತ್ತರವಾಗದು. ಕ್ಲಿನ್ಸ್‌ಮನ್ ಸೋತದ್ದಕ್ಕೆ ಅವರ ನೇಮಕ ತಪ್ಪು, ಹೊಂಗ್ ಗೆದ್ದದ್ದಕ್ಕೆ ಅವರ ನೇಮಕ ಸರಿ ಎಂದರೆ, ನಿಯಮಪುಸ್ತಕ ಸುಟ್ಟು ಸ್ಕೋರು ಹಲಗೆ ಇಟ್ಟುಕೊಂಡಂತೆ.

ಪ್ರಕ್ರಿಯೆ ಎಂದೊಡನೆ ಓದುಗರಿಗೆ ಕೆಂಪುಪಟ್ಟಿಯ ನೆನಪಾಗುವುದು ಸಹಜ. ಹತ್ತು ಮೇಜು ಸುತ್ತುವ ಕಡತವನ್ನು ನಾನು ಸಮರ್ಥಿಸುತ್ತಿಲ್ಲ. ಅದರಿಂದ ಬಳಲಿದವರಲ್ಲಿ ನಾನೂ ಒಬ್ಬ. ನೇಮಕಕ್ಕೆ ಬೇಕಾದ ಪ್ರಕ್ರಿಯೆ ಒಂದು ಪುಟದಷ್ಟು ಮಾತ್ರ. ಆರಿಸುವವರು ಯಾರೆಂದು ಮೊದಲೇ ಹೇಳಬೇಕು. ಮಾನದಂಡವೇನೆಂದು ಮೊದಲೇ ಬರೆಯಬೇಕು. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ ಕೇಳಬೇಕು. ಆರಿಸಿದ್ದಕ್ಕೆ ಕಾರಣ ಕೊಡಬೇಕು. 2018ರಲ್ಲಿ ಕೊರಿಯನ್ನರು ಇದನ್ನು ಮಾಡಿ ತೋರಿಸಿದ್ದರು. ಹಾಗಾಗಿ 2024ರಲ್ಲಿ ಅವರಿಗೆ ಬಂದ ಕೋಪ ಸಿನಿಕತನದ್ದಲ್ಲ. ಒಮ್ಮೆ ಸರಿಯಾದದ್ದನ್ನು ಕಂಡವರ ಕೋಪ. ಅದು ಆರೋಗ್ಯವಂತ ಸಮಾಜದ ಲಕ್ಷಣ. ಕುಲಪತಿಗಳಿಂದ ಹಿಡಿದು ನಿಗಮ ಮಂಡಳಿಗಳವರೆಗೆ ಯಾರು ಹೇಗೆ ಬಂದರೆಂದು ಕೇಳುವುದನ್ನೇ ಬಹುಪಾಲು ಬಿಟ್ಟಿರುವ ನಮಗೆ ಆ ಕೋಪ ಸ್ವಲ್ಪ ಅಸೂಯೆಯನ್ನೂ ಹುಟ್ಟಿಸಬೇಕು.

ಈ ಕಥೆಯಲ್ಲಿ ಹೊಂಗ್ ಅವರ ಪಾಲೆಷ್ಟು? ಅವರನ್ನು ಖಳನಾಯಕರೆನ್ನಲು ನನಗೆ ಮನಸ್ಸಿಲ್ಲ. ಕರೆ ಬಂತು, ದೇಶಕ್ಕಾಗಿ ಒಪ್ಪಿದೆ ಎಂಬ ಅವರ ಭಾವನೆ ನಿಜವೇ ಇರಬಹುದು. ಅರ್ಹತೆಯ ದೃಷ್ಟಿಯಿಂದ, ಎರಡು ಬಾರಿ ಲೀಗ್ ಗೆದ್ದ, ಒಲಿಂಪಿಕ್ ಪದಕ ತಂದ ತರಬೇತುದಾರ ನ್ಯಾಯಯುತ ಸ್ಪರ್ಧೆಯಲ್ಲೂ ಗೆಲ್ಲುವ ಸಾಧ್ಯತೆ ಚೆನ್ನಾಗಿಯೇ ಇತ್ತು. ನೋವಿನ ಸಂಗತಿ ಅದೇ. ಗೆಲ್ಲಬಹುದಾಗಿದ್ದ ಪಂದ್ಯವನ್ನು ಆಡಲು ಅವರಿಗೆ ಬಿಡಲಿಲ್ಲ. ಆಡದೆಯೇ ಗೆಲುವನ್ನು ಕೈಗಿತ್ತರು. ಮೈದಾನದಲ್ಲಿ ಜೀವನ ಕಳೆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದಿದೆ?

ಆದರೆ ಅವರೂ ಒಂದು ಮಾತು ಕೇಳಬಹುದಿತ್ತು. ಆ ರಾತ್ರಿ ಮನೆಯ ಬಳಿಗೆ ಬಂದವರಿಗೆ, “ಉಳಿದಿಬ್ಬರಿಗೆ ಕೇಳಿದ್ದನ್ನು ನನಗೂ ಕೇಳಿ, ಸಮಿತಿಯ ಮುಂದೆ ಕೇಳಿ, ಆಮೇಲೆ ಉತ್ತರ ಹೇಳುತ್ತೇನೆ” ಎನ್ನಬಹುದಿತ್ತು. ಫೆಡರೇಷನ್ನಿನ ಒಳಹೊರಗನ್ನು ಬಲ್ಲ, 2018ರ ಆಯ್ಕೆಯನ್ನು ಹತ್ತಿರದಿಂದ ಕಂಡ ವ್ಯಕ್ತಿಯಿಂದ ಇದು ದೊಡ್ಡ ನಿರೀಕ್ಷೆಯಲ್ಲ. 2002ರ ಆ ಸಂಜೆ ಐದನೆಯ ಪೆನಾಲ್ಟಿ ಒದೆಯಲು ಅವರು ಎಲ್ಲರ ಕಣ್ಣೆದುರು, ಅರ್ಧ ಮೈದಾನ ಒಬ್ಬರೇ ನಡೆದು ಬಂದರು. ಸ್ಪೇನ್‌ನವರೂ ಅದೇ ಗುರುತಿನಿಂದ, ಅದೇ ದೂರದಿಂದ ಒದ್ದಿದ್ದರು. ಅಂದು ಅವರ ಮುಖದಲ್ಲಿ ಮೂಡಿದ ನಗುವನ್ನು ಅಲ್ಲಿದ್ದ ಯಾರೂ ಪ್ರಶ್ನಿಸಲಾರದವರಾಗಿದ್ದರು.

ಆಯ್ಕೆ ಸಮಿತಿಗಳಲ್ಲಿ ಕೂರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ ನನ್ನದೊಂದೇ ಮನವಿ. ಮುಂದಿನ ಬಾರಿ ನಿಮ್ಮೆದುರು ನಿಜಕ್ಕೂ ಯೋಗ್ಯರಾದವರ ಹೆಸರು ಬಂದಾಗಲೇ ಹೆಚ್ಚು ಎಚ್ಚರದಿಂದಿರಿ. ಅಯೋಗ್ಯರ ವಿಷಯದಲ್ಲಿ ನಿಯಮ ಮುರಿಯಲು ನಿಮ್ಮ ಮನಸ್ಸಾಕ್ಷಿಯೇ ಒಪ್ಪುವುದಿಲ್ಲ. ಯೋಗ್ಯರ ವಿಷಯದಲ್ಲಿ ಅದು ಸುಲಭವಾಗಿ ಒಪ್ಪಿಬಿಡುತ್ತದೆ. ಅಂಕಣ ಖಾಲಿ ಇದ್ದರೆ ಸಹಿ ಹಾಕಬೇಡಿ.